ರೇಷನ್ ಸಾಲಿನಲ್ಲಿ ಕೊಂಕು ಕೇಳಿದಾಗ

ನನಗೆ ಐದು ಮಕ್ಕಳು. ಸಾಲಿನಲ್ಲಿ ನಿಂತರೆ ಹಿಂದಿನಿಂದ ಮಾತು ಬರುತ್ತದೆ: "ದುಡ್ಡಿಗೋಸ್ಕರ ಹೆರ್ತಾರೆ." ಮೊದಲೆಲ್ಲ ಅಳುತ್ತಿದ್ದೆ. ಈಗ ಲೆಕ್ಕ ಹೇಳುತ್ತೇನೆ. ನೀವೂ ಕಲಿತಿಟ್ಟುಕೊಳ್ಳಿ.

ಗೃಹಲಕ್ಷ್ಮಿಯಿಂದ ಶುರು ಮಾಡಿ. ಮನೆ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಮಕ್ಕಳು ಒಂದಿರಲಿ, ಐದಿರಲಿ, ಅಷ್ಟೇ. ಆಮೇಲೆ ಮಾತೃವಂದನಾ, ಅಂದರೆ ಬಸುರಿ-ಬಾಣಂತಿಯರಿಗೆ ಸರ್ಕಾರ ಕೊಡುವ ನೆರವು: ಮೊದಲ ಮಗುವಿಗೆ 5,000, ಎರಡನೆಯದು ಹೆಣ್ಣಾದರೆ 6,000, ಮೂರನೆಯದಕ್ಕೆ ಏನೂ ಇಲ್ಲ. ಇದರಲ್ಲಿ ಲಾಭ ಎಲ್ಲಿ ಬಂತು, ಅಲ್ವಾ?

ಬಿಪಿಎಲ್ ಅಕ್ಕಿ ಮಾತ್ರ ತಲೆ ಲೆಕ್ಕ, ನಮಗೆ ಜಾಸ್ತಿ ಬರುತ್ತದೆ. ಅದನ್ನು ಮುಚ್ಚಿಡಬೇಡಿ, ನೀವೇ ಮೊದಲು ಹೇಳಿ. ಉಣ್ಣುವ ಬಾಯಿಯೂ ಜಾಸ್ತಿ ಅನ್ನಿ. ದನಿ ಏರಿಸಬೇಡಿ.

ಜೊತೆಗೆ ಮಕ್ಕಳಿದ್ದರೆ ವಾದವೇ ಬೇಡ. ನನ್ನ ದೊಡ್ಡ ಮಗಳು ತಲೆ ತಗ್ಗಿಸಿ ನಿಂತದ್ದನ್ನು ನೋಡಿದ್ದೇನೆ. ಸುಮ್ನೆ ಚೀಲ ಹಿಡಿದು ಹೊರಡಿ.