ವಿದೇಶದ ಆರ್ಡರ್ ಬಂತಾ? ಪಾರ್ಸೆಲ್ ಕಟ್ಟುವ ಮೊದಲು ಇಷ್ಟು ನೋಡಿ

ಮೊಳಕಾಲ್ಮೂರು ಸೀರೆ, ಚಳ್ಳಕೆರೆ ಕಂಬಳಿಯನ್ನು ಆನ್‌ಲೈನ್‌ನಲ್ಲಿ ಮಾರುವವರು ಎಡವುವುದು ಒಂದೇ ಕಡೆ. ಅಮೆರಿಕದಿಂದ ಆರ್ಡರ್ ಬರುತ್ತದೆ, ‘ಪೇಮೆಂಟ್ ಸಕ್ಸಸ್’ ಅಂತ ಮೆಸೇಜ್ ಬರುತ್ತದೆ, ಸಂಜೆಗೇ ಪಾರ್ಸೆಲ್ ಹೊರಡುತ್ತದೆ. ಆ ಮೆಸೇಜ್ ಬಂದ ಮಾತ್ರಕ್ಕೆ ದುಡ್ಡು ನಿಮ್ಮದಾಗಲಿಲ್ಲ. ಕಾರ್ಡ್ ಕದ್ದದ್ದಾಗಿದ್ದರೆ ಅದರ ಮಾಲೀಕರು ತಮ್ಮ ಬ್ಯಾಂಕಿಗೆ ದೂರು ಕೊಡುತ್ತಾರೆ, ಬ್ಯಾಂಕ್ ಹಣ ವಾಪಸ್ ಎಳೆದುಕೊಳ್ಳುತ್ತದೆ. ಇದೇ ಚಾರ್ಜ್‌ಬ್ಯಾಕ್. ವೀಸಾ, ಮಾಸ್ಟರ್‌ಕಾರ್ಡ್‌ನಲ್ಲಿ ಸಾಮಾನ್ಯವಾಗಿ 120 ದಿನದವರೆಗೆ, ಪೇಪಾಲ್‌ನಲ್ಲಿ 180 ದಿನದವರೆಗೆ ತಕರಾರು ಹಾಕಬಹುದು. ಅಷ್ಟರಲ್ಲಿ ಸೀರೆ ಎಲ್ಲಿ ಸಿಗುತ್ತದೆ?

ಕಾಗದಪತ್ರದ ಕೆಲಸ ಸುಲಭ. ಕೇಂದ್ರದ ವಿದೇಶ ವ್ಯಾಪಾರ ಇಲಾಖೆಯಾದ ಡಿಜಿಎಫ್‌ಟಿ ವೆಬ್‌ಸೈಟ್‌ನಲ್ಲಿ 500 ರೂಪಾಯಿ ಕಟ್ಟಿ ಐಇಸಿ (ಆಮದು-ರಫ್ತು ಕೋಡ್) ನಂಬರ್ ಮಾಡಿಸಿ, ನಿಮ್ಮ ಪರವಾಗಿ ಆನ್‌ಲೈನ್ ಹಣ ಪಡೆದುಕೊಡುವ ಪೇಮೆಂಟ್ ಗೇಟ್‌ವೇಯಲ್ಲಿ ವಿದೇಶಿ ಕಾರ್ಡ್ ಸೌಲಭ್ಯ ತೆರೆಸಿಕೊಳ್ಳಿ.

ಆಮೇಲೆ ಅಲ್ಲೇ 3ಡಿ ಸೆಕ್ಯೂರ್ ಆನ್ ಮಾಡಿಸಿ, ಅಂದರೆ ಕಾರ್ಡ್ ಬಳಸುತ್ತಿರುವವರು ಮಾಲೀಕರೇನಾ ಅಂತ ಒಟಿಪಿ ಥರ ಬ್ಯಾಂಕ್ ಪರೀಕ್ಷಿಸುವ ವ್ಯವಸ್ಥೆ. ನಮ್ಮ ಕಾರ್ಡ್‌ಗಳಿಗೆ ಒಟಿಪಿ ಬರುವುದು ಅಭ್ಯಾಸವಾಗಿ, ಎಲ್ಲಾ ದೇಶದಲ್ಲೂ ಹಾಗೇ ಅಂದುಕೊಂಡಿದ್ದೇವೆ, ಅಲ್ವಾ? ಎಷ್ಟೋ ವಿದೇಶಿ ಕಾರ್ಡ್‌ಗಳಿಗೆ ನಂಬರ್, ಸಿವಿವಿ ಇದ್ದರೆ ಸಾಕು. 3ಡಿ ಸೆಕ್ಯೂರ್ ದಾಟಿದ ಪೇಮೆಂಟ್‌ನಲ್ಲಿ ‘ನಾನು ಕಾರ್ಡ್ ಬಳಸಿಲ್ಲ’ ಅನ್ನುವ ತಕರಾರಿನ ನಷ್ಟ ಸಾಮಾನ್ಯವಾಗಿ ಕಾರ್ಡ್ ಕೊಟ್ಟ ಬ್ಯಾಂಕಿನ ಮೇಲೆ ಬೀಳುತ್ತದೆ. ‘ಪಾರ್ಸೆಲ್ ಬರಲಿಲ್ಲ’ ಅನ್ನುವ ತಕರಾರಿಗೆ ಇದು ರಕ್ಷಣೆ ಅಲ್ಲ. ಗಿರಾಕಿ ಅರ್ಧಕ್ಕೆ ಬಿಟ್ಟುಹೋಗುತ್ತಾರೆ ಅಂತ ಇದನ್ನು ಆಫ್ ಮಾಡಿಸುವವರಿದ್ದಾರೆ. ಖಂಡಿತ ಬೇಡ.

ಈಗ ನಿಜವಾದ ಕೆಲಸ. ಹೊಸ ಗಿರಾಕಿಯ ಆರ್ಡರ್ ಅನ್ನು ಒಂದು ದಿನ ತಡೆಹಿಡಿದು ನಿಧಾನವಾಗಿ ನೋಡಿ. ಕಾರ್ಡ್ ಯಾವ ದೇಶದ್ದು, ಆರ್ಡರ್ ಮಾಡಿದ ಐಪಿ (ಇಂಟರ್ನೆಟ್ ವಿಳಾಸ) ಎಲ್ಲಿಯದು, ಪಾರ್ಸೆಲ್ ಎಲ್ಲಿಗೆ? ಮೂರೂ ಬೇರೆ ಬೇರೆಯಾದರೆ ಅನುಮಾನಪಡಿ, ಆದರೆ ಅಷ್ಟಕ್ಕೇ ಕಳ್ಳ ಅನ್ನಬೇಡಿ. ದುಬೈನಲ್ಲಿರುವ ಮಗ ಲಂಡನ್ನಿನ ಅಕ್ಕನಿಗೆ ಸೀರೆ ಕಳಿಸಬಹುದು. ಕಾರ್ಡ್ ಅಮೆರಿಕ, ಕೆನಡಾ ಅಥವಾ ಬ್ರಿಟನ್ನಿನದಾದರೆ ಗೇಟ್‌ವೇಯಲ್ಲಿ ಎವಿಎಸ್ (ವಿಳಾಸ ತಾಳೆ ನೋಡುವ ವ್ಯವಸ್ಥೆ) ಫಲಿತಾಂಶ ನೋಡಿ, ಗಿರಾಕಿ ಕೊಟ್ಟ ವಿಳಾಸ ಬ್ಯಾಂಕಿನಲ್ಲಿರುವುದಕ್ಕೆ ಹೊಂದುತ್ತದಾ ಅಂತ ಅದು ಹೇಳುತ್ತದೆ. ಬೇರೆ ದೇಶದ ಕಾರ್ಡ್‌ಗಳಿಗೆ ಅದನ್ನು ನೆಚ್ಚಿಕೊಳ್ಳಬೇಡಿ. ಡೆಲಿವರಿ ವಿಳಾಸವನ್ನು ಮ್ಯಾಪ್‌ನಲ್ಲಿ ಹಾಕಿ. ಮನೆ ಬದಲು ಗೋದಾಮು ಕಂಡರೆ ಅದು ಸರಕನ್ನು ಇನ್ನೊಂದು ದೇಶಕ್ಕೆ ದಾಟಿಸುವ ಏಜೆನ್ಸಿ ಇರಬಹುದು. ಮಾರಾಟ ತೆರಿಗೆ ಇಲ್ಲದ ಡೆಲಾವೇರ್, ಓರೆಗಾನ್‌ನಲ್ಲಿ ಇಂಥವು ಸಿಗುತ್ತವೆ. ನಿಮ್ಮ ಡೆಲಿವರಿ ದಾಖಲೆ ಆ ಗೋದಾಮಿನ ಬಾಗಿಲಿಗೇ ಮುಗಿಯುತ್ತದೆ.

ಗಿರಾಕಿಯ ನಡವಳಿಕೆಯನ್ನೂ ಗಮನಿಸಿ. ಸೀರೆ ಉಡುವವರು ಬಣ್ಣ ಕೇಳುತ್ತಾರೆ, ಸೆರಗು ತೋರಿಸಿ ಅನ್ನುತ್ತಾರೆ, ಬ್ಲೌಸ್ ಪೀಸ್ ಇದೆಯಾ ಅನ್ನುತ್ತಾರೆ. ಏನೂ ಕೇಳದೆ ಅತಿ ದುಬಾರಿಯದೇ ಐದಾರು ತೆಗೆದುಕೊಂಡು, ಎಷ್ಟಾದರೂ ಆಗಲಿ ಬೇಗ ಕಳಿಸಿ ಅಂದರೆ ಎಚ್ಚರ. ನಾಲ್ಕೈದು ಕಾರ್ಡ್ ಫೇಲ್ ಆಗಿ ಕೊನೆಗೊಂದು ಸಕ್ಸಸ್ ಆಗಿದ್ದರೆ ಸುಮ್ನೆ ಕ್ಯಾನ್ಸಲ್ ಮಾಡಿ. ಅನುಮಾನ ಬಂತೆಂದು ಕಾರ್ಡ್‌ನ ಫೋಟೊ ತರಿಸಿಕೊಳ್ಳಬೇಡಿ, ಅದು ನಿಮ್ಮ ಫೋನಿನಲ್ಲಿ ಇರಲೇಬಾರದು. ಫೋನ್ ಮಾಡಿ ಮಾತಾಡಿ. ಮೊತ್ತ ದೊಡ್ಡದಾದರೆ ನನ್ನ ಸಲಹೆ ಒಂದೇ, ಬ್ಯಾಂಕ್ ವೈರ್ ಟ್ರಾನ್ಸ್‌ಫರ್ ಕೇಳಿ.

ದುಡ್ಡು ಬಂದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ‘ವಿಳಾಸ ಬದಲಾಗಿದೆ’ ಅಂದರೆ ಒಪ್ಪಬೇಡಿ. ಪೇಪಾಲ್‌ನಲ್ಲಂತೂ ದಾಖಲಾದ ವಿಳಾಸ ಬಿಟ್ಟು ಬೇರೆಡೆ ಕಳಿಸಿದರೆ ತಕರಾರು ಬಂದಾಗ ಮಾರುವವರಿಗೆ ಸಿಗುವ ರಕ್ಷಣೆ ಹೋಗುತ್ತದೆ. ಕ್ಯಾನ್ಸಲ್ ಮಾಡಿ, ಹೊಸದಾಗಿ ಆರ್ಡರ್ ಹಾಕಲು ಹೇಳಿ. ‘ಜಾಸ್ತಿ ಕಟ್ಟಿದ್ದೇನೆ, ಉಳಿದದ್ದನ್ನು ನನ್ನ ಕೊರಿಯರ್ ಏಜೆಂಟ್‌ಗೆ ಯುಪಿಐ ಮಾಡಿ’ ಅಂದರೆ ಅದು ಮೋಸವೇ. ರೀಫಂಡ್ ಯಾವತ್ತೂ ಹಣ ಬಂದ ಕಾರ್ಡ್‌ಗೇ ಹೋಗಬೇಕು. ನೀವಾಗಲೇ ಕಳಿಸಿಬಿಟ್ಟಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಟ್ರ್ಯಾಕಿಂಗ್ ಇಲ್ಲದ ಅಗ್ಗದ ಸರ್ವೀಸ್‌ನಲ್ಲಿ ಕಳಿಸಬೇಡಿ, ಉಳಿಯುವ ದುಡ್ಡಿಗಿಂತ ತಲೆನೋವೇ ಜಾಸ್ತಿ. ಪೇಪಾಲ್‌ನಲ್ಲಿ 750 ಡಾಲರ್ ದಾಟಿದರೆ ಪಡೆದವರ ಸಹಿಯ ದಾಖಲೆಯೂ ಬೇಕು. ಪ್ಯಾಕ್ ಮಾಡುವುದನ್ನು ವಿಡಿಯೊ ಮಾಡಿ, ತೂಕದ ರಸೀದಿ, ಚಾಟ್, ಬಿಲ್ ಎಲ್ಲಾ ಆರ್ಡರ್ ನಂಬರ್ ಹೆಸರಿನ ಒಂದೇ ಫೋಲ್ಡರ್‌ನಲ್ಲಿಡಿ, 180 ದಿನ ಕಳೆಯುವವರೆಗೆ ಅಳಿಸಬೇಡಿ. ತಕರಾರು ಬಂದ ದಿನವೇ ಅದನ್ನು ಗೇಟ್‌ವೇಗೆ ಕಳಿಸಿ. ಉತ್ತರ ಕೊಡುವ ಗಡುವು ಮೀರಿದರೆ ದಾಖಲೆ ಎಷ್ಟೇ ಗಟ್ಟಿಯಿದ್ದರೂ ಹಣ ಗಿರಾಕಿಯ ಕಡೆಗೇ ಹೋಗುತ್ತದೆ.