ಕೆಂಪು ಏರೋಪ್ಲೇನ್ ಚಿಟ್ಟೆಗಳ ಗೊಂದಲ ಬಗೆಹರಿದದ್ದು

ಸುರಪುರ ತಾಲ್ಲೂಕಿನ ಬೋನಾಳ ಕೆರೆಗೆ ಹೋದಾಗಲೆಲ್ಲ ನನಗೆ ಇದೇ ತಲೆನೋವು. ಕೆಂಪು ಏರೋಪ್ಲೇನ್ ಚಿಟ್ಟೆ ಕಂಡರೆ ಸಾಕು, ಕ್ರೋಕೊಥೆಮಿಸ್ ಸರ್ವಿಲಿಯಾ ಅನ್ನುವ ಜಾತಿ ಅಂತ ಬರೆದುಬಿಡುತ್ತಿದ್ದೆ. ಮನೆಗೆ ಬಂದು ಫೋಟೊ ದೊಡ್ಡದು ಮಾಡಿ ನೋಡಿದರೆ ಕೆಲವು ಬೇರೆಯೇ ಜಾತಿ!

ತಪ್ಪು ಆಗುತ್ತಿದ್ದದ್ದು ಬಣ್ಣವನ್ನು ನಂಬಿದ್ದರಿಂದ. ಕಡುಗೆಂಪು ಬರುವುದು ಬಲಿತ ಗಂಡಿಗೆ. ಹೆಣ್ಣು, ಎಳೆಯ ಗಂಡು ಎರಡೂ ಹಳದಿ ಹಳದಿಯಾಗಿಯೇ ಇರುತ್ತವೆ.

ಈಗ ನಾನು ಮೊದಲು ನೋಡುವುದು ಹಿಂದಿನ ರೆಕ್ಕೆಯ ಬುಡ, ಆಮೇಲೆ ಹೊಟ್ಟೆಯ, ಅಂದರೆ ಬಾಲದ ಹಾಗೆ ಕಾಣುವ ಉದ್ದ ಭಾಗದ, ಮೇಲ್ಭಾಗ. ಸರ್ವಿಲಿಯಾಗೆ ರೆಕ್ಕೆಯ ಬುಡದಲ್ಲಿ ಜೇನಿನ ಬಣ್ಣದ ಮಚ್ಚೆ, ಹೊಟ್ಟೆಯ ನಡುವೆ ಉದ್ದಕ್ಕೂ ತೆಳುವಾದ ಕಪ್ಪು ಗೆರೆ. ಯುರೋಥೆಮಿಸ್ ಸಿಗ್ನೇಟಾ ಅನ್ನುವ ಇನ್ನೊಂದು ಕೆಂಪು ಜಾತಿಗೆ ಆ ಗೆರೆ ಇಲ್ಲ. ಬದಲಿಗೆ ಹೊಟ್ಟೆಯ ತುದಿಯ ಹತ್ತಿರ ಕಪ್ಪು ಗುರುತು, ರೆಕ್ಕೆಯ ಬುಡದಲ್ಲಿ ದೊಡ್ಡ ಕಡುಕಂದು ಮಚ್ಚೆ. ಮೈ ನೇರಳೆ ಬೆರೆತ ಗುಲಾಬಿಯಾಗಿದ್ದು, ರೆಕ್ಕೆಯ ನರಗಳೂ ಕೆಂಪಾಗಿದ್ದರೆ ಟ್ರೈಥೆಮಿಸ್ ಅರೋರಾದ ಗಂಡು. ನನ್ನ ಕಣ್ಣಿಗೆ ಇದೇ ಎಲ್ಲಕ್ಕಿಂತ ಚೆಂದ.

ಪಕ್ಕದಿಂದ ತೆಗೆದ ಒಂದೇ ಫೋಟೊದಲ್ಲಿ ಇದೆಲ್ಲ ಕಾಣುವುದಿಲ್ಲ. ಹಾಗಾಗಿ ಮೇಲಿನಿಂದ ಒಂದು, ಪಕ್ಕದಿಂದ ಒಂದು ತೆಗೆಯುತ್ತೇನೆ. ಹಾರಿಹೋದರೂ ಬೆನ್ನು ಹತ್ತುವುದಿಲ್ಲ. ಇವು ಸಾಮಾನ್ಯವಾಗಿ ಅದೇ ಕಡ್ಡಿಗೆ ವಾಪಸ್ ಬಂದು ಕೂರುತ್ತವೆ. ಅದರ ಮೇಲೆ ನಮ್ಮ ನೆರಳು ಬೀಳದ ಹಾಗೆ ಸುಮ್ನೆ ಕಾದರೆ ಆಯಿತು. ನಮ್ಮ ಕಡೆಯ ಬಿಸಿಲಿಗೆ ಬೆಳಿಗ್ಗೆ ಬೇಗ ಹೋಗುವುದೇ ಒಳ್ಳೆಯದು. ಮೈ ಬೆಚ್ಚಗಾಗುವ ತನಕ ಅವು ಜಾಸ್ತಿ ಹಾರುವುದಿಲ್ಲ.

ಹೆಣ್ಣುಗಳ ವಿಷಯದಲ್ಲಿ ಇನ್ನೂ ಅವಸರ ಮಾಡುವುದಿಲ್ಲ. ಗುರುತು ಸ್ಪಷ್ಟವಾಗಿ ಸಿಗದಿದ್ದರೆ ಹೆಸರಿನ ಜಾಗ ಖಾಲಿ ಬಿಡುತ್ತೇನೆ.