ಕೈಕೊಟ್ಟ ಕರೆಂಟು, ಕೈಹಿಡಿದ ಸೀನು

ಅಣ್ಣ, ತಂಗಿ ಅಡುಗೆಮನೆಯಲ್ಲಿ ಕೂತು ಮನೆ ಮಾರುವ ವಿಷಯ ಮಾತಾಡುವ ಸೀನು. ರಾತ್ರಿ ಅರ್ಧ ಶೂಟ್ ಆಗಿತ್ತು, ಕರೆಂಟ್ ಹೋಯಿತು. ಜನರೇಟರ್ ಬಾಡಿಗೆಗೆ ತರುವಷ್ಟು ದುಡ್ಡು ಇರಲಿಲ್ಲ. ಬೆಳಗಾದರೆ ಶೂಟಿಂಗಿನ ಆ ಮನೆ ನಮಗೆ ಸಿಗುತ್ತಿರಲಿಲ್ಲ.

ಆಗ ನಾವು ಕೇಳಿಕೊಂಡಿದ್ದು ಒಂದೇ: ಈ ಸೀನು ಯಾತಕ್ಕಿದೆ? ಮುಖ ನೋಡಿ ಹೇಳಲಾಗದ ಮಾತನ್ನು ಅಣ್ಣ ಹೇಳಬೇಕು, ಅಷ್ಟೇ. ಅದಕ್ಕೆ ಕತ್ತಲೆಗಿಂತ ಒಳ್ಳೆಯ ಜಾಗ ಯಾವುದು? ಸೀನಿನೊಳಗೇ ಕರೆಂಟ್ ಹೋಗುವ ಹಾಗೆ ಬರೆದುಕೊಂಡೆವು. ಆಗಲೇ ತೆಗೆದ ಶಾಟ್‌ಗಳೂ ಉಳಿದವು.

ಬೆಳಕಿಗೆ ಇದ್ದದ್ದು ಒಂದು ಎಲ್‌ಇಡಿ ಟಾರ್ಚು. ಅದನ್ನು ನೇರ ಮುಖಕ್ಕೆ ಬಿಡದೆ ಬಿಳಿ ಥರ್ಮಾಕೋಲ್ ಶೀಟಿಗೆ ಬಿಟ್ಟು, ಅಲ್ಲಿಂದ ವಾಪಸ್ ಬರುವ ಮೆತ್ತಗಿನ ಬೆಳಕು ಬಳಸಿದೆವು. ಬ್ರೈಟ್‌ನೆಸ್ ಕಡಿಮೆ ಮಾಡಿದರೆ ಇಂಥ ಎಷ್ಟೋ ಟಾರ್ಚುಗಳು ಕ್ಯಾಮೆರಾದಲ್ಲಿ ಪಟ್ಟೆ ಪಟ್ಟೆಯಾಗಿ ಮಿನುಗುತ್ತವೆ. ಹಾಗಾಗಿ ಫುಲ್ ಇಟ್ಟು ದೂರ ಸರಿಸಿದೆವು. ಆದರೂ ಬೆಳಕು ಸಾಲದು. ಲೆನ್ಸಿನ ಅಪರ್ಚರ್, ಅಂದರೆ ಬೆಳಕು ಒಳಬಿಡುವ ಕಿಂಡಿ, ಪೂರ್ತಿ ತೆರೆಯಬೇಕಾಯಿತು. ಆಗ ಫೋಕಸ್ ಎಷ್ಟು ಕಿರಿದಾಯಿತು ಅಂದರೆ, ನಟ ಸ್ವಲ್ಪ ಮುಂದೆ ಬಾಗಿದರೂ ಕಣ್ಣು ಮಸುಕಾಗುತ್ತಿತ್ತು. "ಅಲ್ಲಾಡಬೇಡಿ" ಅಂತ ಇಬ್ಬರಿಗೂ ಕೇಳಿಕೊಂಡೆ. ರಿಹರ್ಸಲ್‌ನಲ್ಲಿ ಕೈಯಾಡಿಸುತ್ತಾ ಮಾತಾಡುತ್ತಿದ್ದ ಅಣ್ಣ ಕಲ್ಲಿನಂತೆ ಕೂತ. ನಾನು ಎಷ್ಟು ವಿವರಿಸಿದರೂ ಬಾರದಿದ್ದ ಬಿಗಿ ಹಾಗೆ ಬಂತು.

ಇನ್ನೊಂದು ಲಾಭ ಸೌಂಡಿನದು. ಫ್ಯಾನು, ಫ್ರಿಜ್ಜು ನಾವು ಮೊದಲೇ ಆಫ್ ಮಾಡಿರುತ್ತೇವೆ. ಅಕ್ಕಪಕ್ಕದ ಮನೆಯವು? ಅವೂ ಆ ರಾತ್ರಿ ನಿಂತಿದ್ದವು. ಪಿಸುಮಾತು ಕೂಡ ಸ್ವಚ್ಛವಾಗಿ ರೆಕಾರ್ಡ್ ಆಯಿತು. ಆದರೆ ಕರೆಂಟ್ ಇದ್ದಾಗಿನ ರೂಮ್ ಟೋನ್ (ಯಾರೂ ಮಾತಾಡದಾಗ ಕೋಣೆಯಲ್ಲಿ ಉಳಿಯುವ ಸದ್ದು) ಬೇರೆ, ಇಲ್ಲದಾಗಿನದು ಬೇರೆ. ಎಲ್ಲರೂ ಸುಮ್ನೆ ನಿಂತು ಆಗಲೇ ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಂಡೆವು. ಕರೆಂಟ್ ಬಂದಮೇಲೆ ಇನ್ನೊಮ್ಮೆ. ಎಡಿಟಿಂಗಿನಲ್ಲಿ ಎರಡೂ ಬೇಕಾದವು.

ಎಲ್ಲ ಆಕಸ್ಮಿಕವೂ ಹೀಗೆ ಒದಗುವುದಿಲ್ಲ. ಇನ್ನೊಂದು ಟೇಕಿನಲ್ಲಿ ಎಲ್ಲಿಂದಲೋ ರೇಡಿಯೋ ಹಾಡು ತೇಲಿಬಂತು, ಮಾತಿಗೆ ಎಷ್ಟು ಚೆನ್ನಾಗಿ ಹೊಂದಿತ್ತು! ಆದರೆ ಹಾಡಿನ ಹಕ್ಕು ನಮ್ಮದಲ್ಲ, ಕೊಳ್ಳುವ ಶಕ್ತಿಯೂ ಇಲ್ಲ. ಅದು ಡೈಲಾಗಿನ ಜೊತೆ ಬೆರೆತಿದ್ದರಿಂದ ಬಿಡಿಸಲೂ ಆಗಲಿಲ್ಲ. ಪೂರ್ತಿ ಡಬ್ ಮಾಡಿದೆವು. ಈಗಲೂ ನನಗೆ ಹಾಡಿದ್ದ ಆ ಟೇಕೇ ಜಾಸ್ತಿ ಇಷ್ಟ.

ಕೆಲವು ಸಲ ಕಾಯುವುದು ಬಿಟ್ಟು ದಾರಿಯೇ ಇರಲ್ಲ. 1952ರಲ್ಲಿ ಸತ್ಯಜಿತ್ ರಾಯ್ 'ಪಥೇರ್ ಪಾಂಚಾಲಿ'ಗಾಗಿ ಬಿಳಿ ಹೂವಿನ ಹುಲ್ಲುಗಾವಲಿನಲ್ಲಿ ಅರ್ಧ ಸೀನು ತೆಗೆದು, ವಾರ ಬಿಟ್ಟು ಹೋದಾಗ ದನಗಳು ಹೂವನ್ನೆಲ್ಲ ಮೇದಿದ್ದವು. ಮುಂದಿನ ಹೂವಿನ ಕಾಲದವರೆಗೆ ಕಾದರು. ಚಿತ್ರ ಬಿಡುಗಡೆಯಾಗಿದ್ದು 1955ರಲ್ಲಿ. ಅಷ್ಟು ಕಾಲ ನಟರನ್ನು ಒಟ್ಟಿಗೆ ಇಟ್ಟುಕೊಳ್ಳುವುದು ಸಣ್ಣ ಮಾತಲ್ಲ ಅಲ್ವಾ?

ಈಗ ನಾನು ಶೆಡ್ಯೂಲಿನಲ್ಲಿ ಪ್ರತಿ ಸೀನಿನ ಪಕ್ಕ ಒಂದು ಸಾಲು ಬರೆಯುತ್ತೇನೆ: ಇಲ್ಲಿ ಏನು ಆಗಲೇಬೇಕು ಅಂತ. ಬಟ್ಟೆ, ಜಾಗ, ಹೊತ್ತು ಯಾವುದೂ ಆ ಸಾಲಿನಲ್ಲಿ ಬರಲ್ಲ. ಸೆಟ್ಟಿನಲ್ಲಿ ಏನಾದರೂ ಕೆಟ್ಟಾಗ ಅಸಿಸ್ಟೆಂಟ್ ಡೈರೆಕ್ಟರ್ ಮೊದಲು ಓದಿ ಹೇಳುವುದು ಆ ಸಾಲನ್ನೇ.